ಒಂದು ಬೀಗ, ಇಬ್ಬರು

ಫೆಬ್ರವರಿ 11, ಬುಧವಾರ. ಸಂಜೆ

ತೊಟ್ಟಿ ಕೆಲಸ ಮುಗಿಸಿ ಬಂದೆ. ಸೊಂಟ ಇದೆಯೋ ಇಲ್ಲವೋ, ಮುಟ್ಟಿ ನೋಡಿಕೊಳ್ಳಬೇಕು. ಇವತ್ತು ತಂತಿ ಕಡಿಮೆ, ಪ್ಲಾಸ್ಟಿಕ್ ಜಾಸ್ತಿ. ರೋಟರ್‌ಗೆ ಜಡೆ ಹೆಣೆದ ಹಾಗೆ ಸುತ್ತಿಕೊಂಡಿತ್ತು. ಜೊತೆಗಾರ ಸೀಟಿ (ಸದಾ ಸಿಳ್ಳೆ, ಅದಕ್ಕೇ ಆ ಹೆಸರು) ಅದನ್ನು ಕತ್ತರಿಸುತ್ತಾ, "ಅಣ್ಣ, ನನ್ನ ಹೆಂಡತಿಗೆ ಇಷ್ಟುದ್ದ ಜಡೆ ಇದ್ದಿದ್ರೆ ಸಂಬಳವೆಲ್ಲ ಎಣ್ಣೆಗೇ ಹೋಗ್ತಿತ್ತು" ಅಂದ. ಆಮೇಲೆ ಮತ್ತೆ ಸಿಳ್ಳೆ. ಭಾನುವಾರದ ಸ್ತೋತ್ರದ ರಾಗ. ತೊಟ್ಟಿಯೊಳಗೆ ಅದು ನಾಲ್ಕು ಜನ ಹಾಡಿದ ಹಾಗೆ ಕೇಳುತ್ತದೆ.

ಹೊಸದಾಗಿ ಸೇರಿದ ನಾಲ್ವರಿಗೆ ಪಾಠ ಹೇಳುವ ಕೆಲಸ ನನಗೇ ಬಿತ್ತು. ಸೂಪರ್‌ವೈಸರ್‌ಗೆ ನನ್ನ ಬಾಯಿ ಮೇಲೆ ಅಷ್ಟು ನಂಬಿಕೆ. ಹೇಳಿದೆ: ರದ್ದಿ ಕಾಗದ ಅರೆಯುವ ತೊಟ್ಟಿ ಇದು. ಆನೆ ಹಾಕಿದರೂ ಗಂಜಿ ಮಾಡುತ್ತದೆ. ವಾರಕ್ಕೊಮ್ಮೆ ನಿಲ್ಲಿಸಿ ಒಳಗಿಳಿದು ಚೊಕ್ಕ ಮಾಡಬೇಕು. ಇಳಿಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಅದರ ಕೊಂಡಿಗೆ ನಿಮ್ಮ ಬೀಗ ಹಾಕಿ. ಇಬ್ಬರು ಇಳಿದರೆ ಎರಡು ಬೀಗ. ಐವರು ಇಳಿದರೆ ಐದು. ಕೀಲಿ ನಿಮ್ಮ ಜೇಬಲ್ಲೇ ಇರಬೇಕು. ಆಪರೇಟರ್ ನಿಮ್ಮ ಮುಖ ನೋಡಲ್ಲ, ಬೀಗ ನೋಡ್ತಾನೆ. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ದೇವದೂತ ಬಂದು ಕೇಳಿದರೂ.

ಚೆನ್ನಾಗಿ ಹೇಳಿದೆ ಅನ್ನಿಸಿತು. ನಕ್ಕರು.

ಈ ಡೈರಿಯೂ ರದ್ದಿ ಲಾರಿಯಲ್ಲಿ ಬಂದದ್ದೇ. ಮೂರು ವರ್ಷ ಹಳೆಯದು, ಒಳಗೆ ಒಂದಕ್ಷರ ಇಲ್ಲ. ಯಾರೋ ದೊಡ್ಡ ಮನುಷ್ಯರದ್ದು. ವರ್ಷವಿಡೀ ಬರೆಯುವಂಥದ್ದು ಏನೂ ಆಗಿಲ್ಲ, ಪಾಪ. ತಾರೀಖು ಸರಿ, ವಾರ ಮಾತ್ರ ನಾನು ತಿದ್ದಿಕೊಳ್ಳುತ್ತೇನೆ.

ಫೆಬ್ರವರಿ 15, ಭಾನುವಾರ

ಚರ್ಚಿನ ಭಾನುವಾರ ಶಾಲೆಯ ಮಕ್ಕಳಿಗೆ ಹೊಸ ಕಥೆ ಶುರು ಮಾಡಿದೆ. ಅಜ್ಜಿ ಹೇಳುತ್ತಿದ್ದದ್ದು, ಸ್ವಲ್ಪ ನನ್ನ ಒಗ್ಗರಣೆ. ಒಬ್ಬ ಸಾಹುಕಾರ. ಅವನಿಗೆ ನಿದ್ದೆ ಬರದು. ಸಂತೆಗೆ ತಕ್ಕಡಿ ಹೊತ್ತು ಹೋದ. ಒಂದು ಸೇರು ನಿದ್ದೆಗೆ ಒಂದು ಸೇರು ಬಂಗಾರ! ಚಾಪೆಯವನು ಬಂದ, ಕಂಬಳಿಯವನು ಬಂದ, ಜೋಗುಳದವಳು ಬಂದಳು... ಗಂಟೆ ಹೊಡೆಯಿತು. ಉಳಿದದ್ದು ಮುಂದಿನ ವಾರ ಅಂದೆ. ಸೀಟಿಯ ಮಗಳು, ಎಂಟು ವರ್ಷದ್ದು, ಅಂಗಿ ಹಿಡಿದು ಜಗ್ಗಿದಳು. "ಸಿಕ್ತಾ ಇಲ್ವಾ, ಅಷ್ಟು ಮಾತ್ರ ಹೇಳಿ." ಹೇಳಲಿಲ್ಲ. ಕಾಯಲಿ.

ಫೆಬ್ರವರಿ 18, ಬುಧವಾರ. ಬೆಳಗ್ಗೆ 6.30

ಇವತ್ತು ತೊಟ್ಟಿ. ಮನೆಯಲ್ಲಿ ಇವಳು ಬೇಗ ಬನ್ನಿ ಅಂದಿದ್ದಾಳೆ, ನಾದಿನಿ ಬರುತ್ತಾಳಂತೆ. ಸಂಜೆ ಬರೆಯುತ್ತೇನೆ.

ಮಾರ್ಚ್ 3, ಮಂಗಳವಾರ

ಬರೆಯಲಿಲ್ಲ.

ಸೀಟಿ ಹೋದ. ಅವತ್ತೇ, 18ಕ್ಕೆ. ತೊಟ್ಟಿಯಲ್ಲಿ. ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ. ಮಣ್ಣು ಹಾಕುವಾಗ ಅವನ ಮಗಳು ಒಂದೇ ಸಮನೆ ನನ್ನ ಕೈ ಹಿಡಿದಿದ್ದಳು.

ವಿಚಾರಣೆ ಆಯಿತು. ಇಬ್ಬರೂ ಕೆಲಸ ಮುಗಿಸಿ ಹೊರಗೆ ಬಂದೆವು. ನಾನು ಬೀಗ ತೆಗೆದು ಸ್ಟೋರ್ ಕಡೆ ಹೋದೆ. ಅವನು ಏನೋ ಮರೆತು ಮತ್ತೆ ಒಳಗಿಳಿದಿರಬೇಕು, ಬೀಗ ಹಾಕದೆ. ಆಪರೇಟರ್ ನೋಡಿದಾಗ ಕೊಂಡಿ ಖಾಲಿ ಇತ್ತು. ಬಟನ್ ಒತ್ತಿದ.

ಹೀಗೆ ನಡೆಯಿತು.

ಮಾರ್ಚ್ 6, ಶುಕ್ರವಾರ

ಹೀಗೆ ನಡೆಯಲಿಲ್ಲ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದೆ. ಎಂಥ ಮನುಷ್ಯ ನಾನು.

ಬೆಳಗ್ಗೆ ಹತ್ತೂಕಾಲು. ತೊಟ್ಟಿಯ ಹತ್ತಿರ ಸೀಟಿ ಜೇಬು ತಡಕಿಕೊಂಡ. ಬೀಗ ಇಲ್ಲ. ಪ್ಯಾಂಟು ಬದಲಿಸಿ ಬಂದಿದ್ದ. "ಮನೆಗೆ ಓಡಿ ತರ್ತೀನಿ ಅಣ್ಣ, ಹತ್ತೇ ನಿಮಿಷ" ಅಂದ. ಬೇಡ ಅಂದೆ. ನಾದಿನಿ ಬರುವವಳಿದ್ದಳು, ಬೇಗ ಮುಗಿಸಬೇಕಿತ್ತು. ಅವನು ನಿಂತೇ ಇದ್ದ. "ಇಲ್ಲ ಅಣ್ಣ, ತಂದುಬಿಡ್ತೀನಿ." ಎರಡನೇ ಸಲ. ನಾನಂದೆ: "ಬಾರೋ. ಇಬ್ಬರಿಗೂ ನನ್ನ ಬೀಗ ಸಾಕು. ನಿನ್ನ ಬಿಟ್ಟು ನಾನೆಲ್ಲಿ ಹೋಗ್ತೀನಿ?"

ಇಳಿದೆವು. ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ ಕೊಯ್ಯುವ ನನ್ನ ಬ್ಲೇಡು ಮುರಿಯಿತು. ಬೇರೆ ತರಲು ಏಣಿ ಹತ್ತಿದೆ. ಮೇಲೆ ಬಂದವನ ಕೈ ತಾನಾಗಿ ಬೀಗಕ್ಕೆ ಹೋಯಿತು. ಹದಿನಾರು ವರ್ಷದ ಅಭ್ಯಾಸ — ಹೊರಗೆ ಬಂದರೆ ಬೀಗ ತೆಗಿ, ಜೇಬಿಗೆ ಹಾಕು, ಆಮೇಲೆ ಕೈ ತೊಳಿ. ತೆಗೆದೆ. ಜೇಬಿಗೆ ಹಾಕಿದೆ. ಕೈ ತೊಳೆದೆ.

ಸ್ಟೋರ್‌ನವನು ಬ್ಲೇಡು ಹುಡುಕುತ್ತಾ ಕೇಳಿದ: "ಅಣ್ಣ, ಅದೇನೋ ನಿದ್ದೆ ಕೊಳ್ಳೋ ಸಾಹುಕಾರನ ಕಥೆಯಂತೆ? ನನ್ನ ಮಗ ಮನೇಲಿ ಅದೇ ಜಪ." ನಾನು ನಿಂತುಕೊಂಡೆ. ಹೇಳಿದೆ. ಚಾಪೆಯವನು, ಕಂಬಳಿಯವನು, ಕೊನೆಗೆ ಸಂತೆಯ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮುದುಕಿ. ಅವಳನ್ನು ಎಬ್ಬಿಸಿ ಕೇಳಿದ: ಅಜ್ಜಿ, ನಿನ್ನದು ಕೊಡ್ತೀಯಾ? ಅವಳು ಕಣ್ಣು ಬಿಟ್ಟು —

ಮೋಟಾರ್ ಶಬ್ದ ಕೇಳಿತು.

ಬ್ಲೇಡು ಕೈಯಲ್ಲಿತ್ತು. ಅದಾಗಲೇ ಎಷ್ಟೋ ಹೊತ್ತಾಗಿತ್ತು, ಅವನು ಕೊಟ್ಟು.

ಸೂಪರ್‌ವೈಸರ್ ರೂಮಲ್ಲಿ ಕೂರಿಸಿ ನೀರು ಕೊಟ್ಟರು. "ನೀವಿಬ್ಬರೂ ಕೆಲಸ ಮುಗಿಸಿ ಹೊರಗೆ ಬಂದ್ರಿ. ಅವನು ಯಾಕೋ ಮತ್ತೆ ಇಳಿದಿದ್ದಾನೆ. ಅಲ್ವಾ?" ನಾನು ಹೌದೆಂದು ತಲೆ ಆಡಿಸಿದೆ. ಅಷ್ಟೇ ಮಾಡಿದ್ದು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಮನುಷ್ಯ, ಅವತ್ತು ಬಾಯಿ ತೆರೆಯಲೇ ಇಲ್ಲ.

ಮಾರ್ಚ್ 15, ಭಾನುವಾರ

ವರದಿ ಬಂತು. ಮೃತನ ಸ್ವಂತ ಅಜಾಗರೂಕತೆ. ಕಂಪನಿ ದಯೆಯಿಂದ ಸ್ವಲ್ಪ ಹಣ ಕೊಡುತ್ತದಂತೆ. ದಯೆ! ಟೈಪ್ ಮಾಡಿದ್ದಾರೆ ಆ ಪದವನ್ನು.

ಪವಿತ್ರ ಭೋಜನದ ಭಾನುವಾರ. ರೊಟ್ಟಿ ತೆಗೆದುಕೊಳ್ಳುವ ಮೊದಲು ಅಕ್ಕಪಕ್ಕದವರ ಕೈ ಹಿಡಿದು "ಸಮಾಧಾನವಾಗಲಿ" ಅನ್ನಬೇಕಲ್ಲ. ಸೀಟಿಯ ಹೆಂಡತಿ ಎರಡು ಬೆಂಚು ದಾಟಿ ನನ್ನ ಹತ್ತಿರವೇ ಬಂದಳು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದಳು. "ಸಮಾಧಾನವಾಗಲಿ ಅಣ್ಣ." ಬಟ್ಟೆ ಹೊಲಿಯುವ ಕೈ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು. ನಾನೂ ಅಂದೆ. ರೊಟ್ಟಿಯನ್ನೂ ತೆಗೆದುಕೊಂಡೆ. ನುಂಗಿದೆ.

ಹೊರಗೆ ಬಂದ ಮೇಲೆ ಕೇಳಿದಳು. "ಅಣ್ಣ, ನೀವು ಜೊತೇಲೇ ಇದ್ರಿ. ಯಾಕೆ ಹಾಗೆ ಮಾಡಿದ್ರು ಅವರು? ಒಂದು ಬೀಗ. ಎಷ್ಟು ಹೊತ್ತು ಬೇಕು ಹಾಕೋಕೆ? ಮಕ್ಕಳ ಮುಖ ನೆನಪಾಗ್ಲಿಲ್ವಾ?"

"ಒಮ್ಮೊಮ್ಮೆ ಆಗತ್ತೆ ತಂಗಿ..."

"ಆಗಬಾರದು. ಸಿಳ್ಳೆ ಹಾಕ್ಕೊಂಡು ಓಡಾಡೋದು, ಯಾವುದಕ್ಕೂ ಗಮನ ಇಲ್ಲ. ನಾನು ಅಳ್ತಾ ಇದ್ದೀನಿ ಅನ್ಕೊಂಡಿದ್ದಾರೆ ಎಲ್ಲ. ನನಗೆ ಅಳು ಬರ್ತಿಲ್ಲ ಅಣ್ಣ. ಕೋಪ ಬರ್ತಿದೆ. ಸತ್ತವರ ಮೇಲೆ."

ಅವನ ಜೀವ ಹೋಯಿತೆಂದುಕೊಂಡಿದ್ದೆ. ಇನ್ನೂ ಹೋಗುತ್ತಲೇ ಇದೆ.

ಮಾರ್ಚ್ 28, ಶನಿವಾರ

ಸೀಟಿಯ ಮನೆಯ ಚಾವಣಿಗೆ ಹೊಸ ತಗಡು ಹಾಕಿಸಿದೆ. ಹೊಲಿಗೆ ಮಿಷನ್‌ಗೆ ಮೋಟಾರ್ ಕೂರಿಸಿದೆ. ಮೋಟಾರ್! ಅಂಗಡಿಯಲ್ಲಿ ಆ ಪದ ಹೇಳದೆ ಬೆರಳು ತೋರಿಸಿ ಕೊಂಡೆ. ಮಕ್ಕಳಿಬ್ಬರ ಈ ವರ್ಷದ ಫೀಸು. ಮನೆಯಲ್ಲಿ ಇವಳು ಏನೂ ಕೇಳಲಿಲ್ಲ. ಇವಳಿಗೆ ಗೊತ್ತಿದೆಯೇ? ಇಪ್ಪತ್ತೆರಡು ವರ್ಷದ ಸಂಸಾರ. ಹೇಳದೆಯೂ ಗೊತ್ತಾಗುತ್ತದೆ.

ತಗಡು ಹಾಕಿದ ದಿನ ಹಗುರ ಅನ್ನಿಸಿತು. ಒಂದೂವರೆ ದಿನ ಇತ್ತು. ಆಮೇಲೆ ಇಲ್ಲ. ಮೋಟಾರ್ ಕೂರಿಸಿದಾಗಲೂ ಇತ್ತು, ಅರ್ಧ ದಿನ. ಫೀಸು ಕಟ್ಟಿ ಶಾಲೆಯ ಗೇಟು ದಾಟುವಷ್ಟರಲ್ಲೇ ಹೋಯಿತು.

ಏಪ್ರಿಲ್ 12, ಭಾನುವಾರ

ಚರ್ಚಿನ ಸಭೆಯಲ್ಲಿ ನನ್ನ ಹೆಸರು ಎತ್ತಿದ್ದಾರೆ, ಸಭೆಯ ಹಿರಿಯನಾಗಬೇಕಂತೆ. ಸೀಟಿಯ ಸಂಸಾರಕ್ಕೆ ನಾನು ಮಾಡಿದ್ದನ್ನು ಯಾರೋ ಸಾಕ್ಷಿಯಾಗಿ ಎದ್ದು ಹೇಳಿದರು. ಎಲ್ಲರೂ "ಆಮೆನ್" ಅಂದರು. ನಾನು ಬೆಂಚಿನ ಮೊಳೆ ಎಣಿಸುತ್ತಿದ್ದೆ.

ಮಧ್ಯಾಹ್ನ ಸೀಟಿಯ ಮನೆಗೆ ಹೋಗಿದ್ದೆ. ಮಗಳು ಹೊಸ್ತಿಲಲ್ಲಿ ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಹಾಕುತ್ತಾ ಹಾಕುತ್ತಾ ತನಗರಿವಿಲ್ಲದೆ ಸಿಳ್ಳೆ ಶುರು ಮಾಡಿದಳು. ಅಪ್ಪನದೇ ರಾಗ, ಮೂರನೇ ಸಾಲಲ್ಲಿ ಅವನ ಹಾಗೆಯೇ ತಪ್ಪಿಸುತ್ತಾಳೆ. ತಾಯಿ ಒಳಗಿಂದ ಬಂದು ಫಟಾರ್ ಎಂದು ಕೆನ್ನೆಗೆ ಹೊಡೆದಳು.

"ಅವರ ಹಾಗೆ ಆಗ್ಬೇಡ ಅಂತ ಎಷ್ಟು ಸಲ ಹೇಳ್ಲಿ? ಮೈಮೇಲೆ ಎಚ್ಚರ ಇಟ್ಕೊಂಡು ಬದುಕೋದು ಕಲಿ!"

ಮಗು ಅಳಲಿಲ್ಲ. ತುಟಿ ಒಳಗೆಳೆದುಕೊಂಡು ರಟ್ಟು ಹಾಕಿತು. ಆಮೇಲೆ ನನ್ನನ್ನು ಕೇಳಿತು, ಮೆಲ್ಲಗೆ: "ಸಾಹುಕಾರನಿಗೆ ಏನಾಯ್ತು?"

"ಮರೆತೋಯ್ತು ಕಂದ."

ತಂಗಿ ನನಗೆ ನೀರು ತಂದು ಕೊಟ್ಟಳು. "ನೀವಿಲ್ಲದಿದ್ರೆ ನಮಗೆ ಯಾರಿದ್ರು ಅಣ್ಣ." ಕುಡಿದೆ. ಆ ನೀರನ್ನೂ ಕುಡಿದೆ ನಾನು.

ಏಪ್ರಿಲ್ 14, ಮಂಗಳವಾರ

ಪಾಸ್ಟರ್ ಹತ್ತಿರ ಹೋದೆ. ಹಿರಿಯತನ ಬೇಡ ಅಂತ ಹೇಳಲು ಹೋದವನು ಎಲ್ಲ ಹೇಳಿಬಿಟ್ಟೆ. ಅವರು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕೈಯಲ್ಲಿದ್ದ ಡಬ್ಬಿ ಕೆಳಗಿಡಲಿಲ್ಲ, ಹಾಗೇ ಹಿಡಿದು ಕೇಳಿದರು.

"ಅರಿಕೆ ಮಾಡ್ಕೊಂಡ್ರಾ?"

"ದಿನಾ ಮಾಡ್ಕೋತೀನಿ."

"ಯಾರ ಹತ್ರ?"

"ದೇವರ ಹತ್ರ."

"ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೋರ ಹತ್ರ?"

ನಾನು ಮಾಡಿದ್ದೆಲ್ಲ ಹೇಳಿದೆ. ತಗಡು, ಮೋಟಾರ್, ಫೀಸು. ಅವರು ಡಬ್ಬಿ ಕೆಳಗಿಟ್ಟರು.

"ಪುಕ್ಕಟೆ ಸಿಗೋದನ್ನ ನೀವು ಕಂತಿನ ಮೇಲೆ ಕೊಳ್ಳೋಕೆ ನೋಡ್ತಿದ್ದೀರಿ. ಕಟ್ತಾನೇ ಇರ್ತೀರಿ. ತಗೊಳ್ಳೋ ಅಂಗಡಿಯವನೇ ಇಲ್ಲ ಅಲ್ಲಿ."

"ಹೇಳಿದ್ರೆ ಅವಳು ಕ್ಷಮಿಸ್ತಾಳಾ?"

"ಗೊತ್ತಿಲ್ಲ. ಅದು ಅವಳದು. ದೇವರ ಕ್ಷಮೆ ಬಗ್ಗೆ ನಾನು ಮಾತು ಕೊಡಬಲ್ಲೆ, ಅವಳದಕ್ಕೆ ಇಲ್ಲ. ಮೊದಲು ಅವಳ ಗಂಡನ್ನ ವಾಪಸ್ ಕೊಡಿ."

"ಸತ್ತವನ್ನ ಹೇಗೆ ಕೊಡ್ಲಿ ಪಾಸ್ಟರ್?"

"ಬೀಗ ತರ್ತೀನಿ ಅಂತ ನಿಂತಿದ್ನಲ್ಲ, ಅವನ್ನ ಕೊಡಿ. ಅವನು ನಿಮ್ಮ ಹತ್ರ ಮಾತ್ರ ಇದ್ದಾನೆ."

ಪ್ರಾರ್ಥನೆ ಮಾಡಿದರು. ಅವರ ಎಣ್ಣೆಗೈ ನನ್ನ ತಲೆಯ ಮೇಲೆ. ಚಿಕ್ಕ ಪ್ರಾರ್ಥನೆ. ನನಗೆ ಉದ್ದದ್ದು ಬೇಕಿತ್ತು, ಎದ್ದು ಹೋಗುವುದು ತಡವಾಗುವ ಹಾಗೆ.

ಏಪ್ರಿಲ್ 16, ಗುರುವಾರ

ಇವಳಿಗೆ ಹೇಳಿದೆ. ಗೊತ್ತಿತ್ತು ಅಂದಳು. "ಆವತ್ತು ಬಂದು ಮೂರು ಸಲ ಕೈ ತೊಳೆದ್ರಿ."

"ತಂಗಿಗೆ ಹೇಳಬೇಕು."

"ಹೇಳಿ. ಆಮೇಲೆ? ಕೆಲಸ ಹೋಗತ್ತೆ. ಜೈಲೂ ಆಗಬಹುದು. ಅವನು ಎದ್ದು ಬರ್ತಾನಾ?"

"ಅವಳು ಅವನ್ನ ದ್ವೇಷಿಸ್ತಿದ್ದಾಳೆ ಕಣೆ. ಏನೂ ಮಾಡದವನನ್ನ."

"ನನ್ನನ್ನ ಊರೆಲ್ಲ ಏನಂತಾರೆ ಅಂತ ಯೋಚನೆ ಮಾಡಿದ್ರಾ? ತಗಡಿಗೆ ದುಡ್ಡೆಲ್ಲ ಹೋದ್ಮೇಲೆ ರೇಷನ್‌ಗೆ ಅಂತ ನಾನು ಕಿವಿಯೋಲೆ ಮಾರಿದೆ. ಬಾಯಿ ಮುಚ್ಕೊಂಡು ಮಾರಿದೆ. ನನ್ನ ಬಾಯೂ ಮುಚ್ಚಿದ್ದು ಸಾಲದಾ ನಿಮಗೆ?"

ಇವಳ ಕಿವಿ ನೋಡಿದೆ. ಹೌದು, ಖಾಲಿ. ಮೂರು ವಾರದಿಂದ ಖಾಲಿಯಂತೆ. ನೋಡಿರಲೇ ಇಲ್ಲ ನಾನು.

ಮೇ 2, ಶನಿವಾರ. ಮಧ್ಯಾಹ್ನ

ಎರಡು ವಾರ ತಂಗಿಯ ಬೀದಿಯ ತುದಿಯವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಒಂದು ದಿನ ತಲೆನೋವು. ಒಂದು ದಿನ ಅವಳ ಮನೆಯಲ್ಲಿ ಗಿರಾಕಿ. ನೆಪಕ್ಕೇನು ಬರ.

ಇವತ್ತು ಹೇಳಿದೆ.

ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹೇಳುತ್ತಾ ಹೋದೆ, ಅವಳು ಹೊಲಿಯುತ್ತಾ ಹೋದಳು. ಮಿಷನ್ ಸದ್ದಿಗೆ ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. "ಮನೆಗೆ ಓಡಿ ಬೀಗ ತರ್ತೀನಿ ಅಂದ, ಎರಡು ಸಲ ಅಂದ" ಎಂದಾಗ ಮಿಷನ್ ನಿಂತಿತು.

"ಮತ್ತೆ ಹೇಳಿ."

ಮತ್ತೆ ಹೇಳಿದೆ.

"ಎರಡು ಸಲ?"

"ಎರಡು ಸಲ. ನಾನೇ ಬೇಡ ಅಂದೆ. ಬೀಗ ತೆಗೆದದ್ದೂ ನಾನೇ."

ಮಗಳನ್ನು ಕರೆದಳು. "ಇವಳಿಗೆ ಹೇಳಿ." ನೆಲದ ಮೇಲೆ ಕೂತು ಹೇಳಿದೆ. ನೂರಾರು ಮಕ್ಕಳಿಗೆ ಕಥೆ ಹೇಳಿದ ನಾಲಿಗೆ, ಒಂದು ಮಗುವಿನ ಮುಂದೆ ನಾಲ್ಕು ಮಾತು ಜೋಡಿಸಲಾರದೆ ಒದ್ದಾಡಿತು.

"ಅಪ್ಪ ಬೀಗ ತರ್ತೀನಿ ಅಂದ್ರಾ?"

"ಹೂಂ ಕಂದ."

"ನೀವು ಯಾಕೆ ಬೇಡ ಅಂದ್ರಿ?"

"ಅವಸರ ಇತ್ತು."

"ಏನವಸರ?"

ನಾದಿನಿ ಬರುವವಳಿದ್ದಳು. ಆ ಮಾತು ಹೇಳಲಿಲ್ಲ. ಹೇಳಲಾಗಲಿಲ್ಲ. ಬಂದವಳು ಬಾಗಿಲಲ್ಲೇ ನಿಂತು ಕೊಡೆ ವಾಪಸ್ ಕೊಟ್ಟು ಹೋದಳಂತೆ, ಅವತ್ತು.

ತಂಗಿ ಮಗಳನ್ನು ಒಳಗೆ ಕಳಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. "ಎರಡೂವರೆ ತಿಂಗಳು ಬೈದಿದ್ದೀನಿ ಅವರನ್ನ. ಬೆಳಗ್ಗೆ ಎದ್ದ ತಕ್ಷಣ ಬೈತಿದ್ದೆ. ಈಗ ಅವರ ಹತ್ರ ತಪ್ಪಾಯ್ತು ಅಂತ ಯಾರ ಕೈಲಿ ಹೇಳಿ ಕಳಿಸ್ಲಿ? ನೀವು ಹೋಗಿ ಹೇಳ್ತೀರಾ?"

ತಲೆ ಎತ್ತಿ ಚಾವಣಿ ನೋಡಿದಳು.

"ಆ ತಗಡು ನೀವೇ ಕಿತ್ಕೊಂಡು ಹೋಗ್ತೀರಾ, ನಾನೇ ಕೀಳಿಸ್ಲಾ?"

"ತಂಗಿ, ಕ್ಷಮಿಸು ಅಂತ ಕೇಳೋಕೆ ಬಾಯಿಲ್ಲ ನನಗೆ..."

"ತಂಗಿ ಅನ್ಬೇಡಿ." ಸೂಜಿಯ ದಾರ ಕಿತ್ತು: "ಕ್ಷಮಿಸಬೇಕು ಅಂತ ನನಗೂ ಗೊತ್ತು. ನಾನೂ ಅದೇ ಸಭೆಯವಳು. ದಿನಾ ಪ್ರಾರ್ಥನೇಲಿ ಅದನ್ನೇ ಹೇಳ್ತೀನಿ. ಆದ್ರೆ ಒಳಗೆ ಹುಡುಕಿದ್ರೂ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತಂದು ಕೊಡ್ಲಿ? ಎದ್ದು ಹೋಗಿ. ಅವರದೇ ತಪ್ಪು ಅಂತ ವರದಿ ಬರೆದವರ ಮುಂದೆ ಇದನ್ನೆಲ್ಲ ಹೇಳಿ, ಹೋಗಿ."

ಬೀದಿಗಿಳಿದೆ. ಹಿಂದಿನಿಂದ ಅಳು ಕೇಳಿತು. ಗಂಡನಿಗಾಗಿ ಅಳುವ ಅಳು. ಎರಡೂವರೆ ತಿಂಗಳು ತಡವಾಗಿ.

ಮೇ 5, ಮಂಗಳವಾರ

ಆಪರೇಟರ್ ಮನೆಗೆ ಹೋಗಿ ಹೇಳಿದೆ. ಬಟನ್ ಒತ್ತಿದ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದ. ಕೆಲಸ ಬಿಟ್ಟು ಎರಡು ತಿಂಗಳಾಯಿತು. ಕೇಳಿ ನನ್ನ ಕುತ್ತಿಗೆಪಟ್ಟಿ ಹಿಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ, ಹಿಡಿದುಕೊಂಡೇ ಅತ್ತ.

ಸೂಪರ್‌ವೈಸರ್‌ಗೂ ಹೇಳಿದೆ. ಬಾಗಿಲು ಹಾಕಿದರು.

"ತಲೆ ಕೆಟ್ಟಿದೆಯಾ? ಕೇಸ್ ಮುಚ್ಚಿ ಆಯ್ತು. ಕಾರ್ಮಿಕ ಇಲಾಖೆಗೆ ಹೋದ್ರೆ ನೀನೂ ಮುಳುಗ್ತೀಯಾ, ನಾನೂ."

"ಹೌದು ಸರ್."

"ಎಷ್ಟು ಬೇಕು? ನೇರವಾಗಿ ಹೇಳು."

ನಗು ಬಂತು ನನಗೆ. ಕೆಟ್ಟ ನಗು. ಎರಡು ತಿಂಗಳು ನಾನೂ ಇದೇ ಪ್ರಶ್ನೆ ಕೇಳಿಕೊಂಡು ಓಡಾಡಿದ್ದೆ. ನನಗೆ ಹುಚ್ಚು ಹಿಡಿದಿದೆ ಅಂತ ಅವರಿಗೆ ಅನ್ನಿಸಿರಬೇಕು. ಗೇಟಿನವರೆಗೆ ಇಬ್ಬರು ನನ್ನ ಜೊತೆ ಬಂದರು. ಗುರುತಿನ ಚೀಟಿ ಕಿತ್ತುಕೊಂಡರು. ಬೀಗ ಮಾತ್ರ ನಾನು ಕೊಡಲಿಲ್ಲ. ಅದು ಕೇಸಿಗೆ ಬೇಕು ಅಂದೆ.

ಮೇ 7, ಗುರುವಾರ

ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆ, ನಾಳೆ ಹನ್ನೊಂದಕ್ಕೆ ಬರಹೇಳಿದ್ದಾರೆ. ಇವಳು ಐದು ದಿನದಿಂದ ಮಾತಾಡಿಲ್ಲ. ಸಂಜೆ ನೋಡಿದರೆ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದಾಳೆ. ಅದಕ್ಕೇನೂ ಅರ್ಥ ಕಟ್ಟಬಾರದು. ಅಂಗಿ ಇದೆ, ಅಷ್ಟೇ.

ಪ್ರಾರ್ಥನೆಗೆ ಕೂತೆ. ಸೀಟಿಯ ಹೆಂಡತಿ ಕ್ಷಮಿಸಲಿ ಎಂದು ಬೇಡಲು ಹೊರಟವನು ನಿಲ್ಲಿಸಿದೆ. ಕೇಳುವುದಾದರೆ ಅವಳಿಗಾಗಿ ಕೇಳಬೇಕು. ಕೇಳಿದೆ. ಸಮಾಧಾನ ಅವಳಿಗಿರಲಿ. ನನ್ನ ಪಾಲಿನದು ಉಳಿದಿದ್ದರೆ ಅದೂ ಅವಳಿಗೇ ಹೋಗಲಿ.

ಮೇ 8, ಶುಕ್ರವಾರ. ಬೆಳಗ್ಗೆ 10.50

ಕಾರ್ಮಿಕ ಕಚೇರಿಯ ವರಾಂಡ. ಉದ್ದ ಬೆಂಚು. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು. ಆಪರೇಟರ್ ಬಂದಿದ್ದಾನೆ. ಗೋಡೆಗೆ ಒರಗಿ ನಿಂತಿದ್ದಾನೆ. ಪಾಸ್ಟರ್ ಸೈಕಲ್ ನಿಲ್ಲಿಸಲು ಹೋಗಿದ್ದಾರೆ.

ಅವಳೂ ಬಂದಳು. ಮಗಳು ಜೊತೆಗೆ. ಬೆಂಚಿನ ಆ ತುದಿಯಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ. ನಡುವೆ ನಾಲ್ಕು ಜನರ ಜಾಗ.

ಗುಮಾಸ್ತ ಬಾಗಿಲಿಗೆ ಬಂದು ಫೈಲು ಬಿಡಿಸಿದ.

"ಸತ್ತವರ ಕಡೆಯವರು ಯಾರು?"

"ನಾನು."

"ಸಂಬಂಧ?"

"ಹೆಂಡತಿ."

ಮೆಲ್ಲಗೆ ಹೇಳಬಹುದಿತ್ತು. ಇಡೀ ವರಾಂಡ ತಿರುಗಿ ನೋಡುವ ಹಾಗೆ ಹೇಳಿದಳು. ಹೇಳಿ, ಇನ್ನೂ ಒಂದು ಮಾತು: "ಅವರದು ತಪ್ಪಿರಲಿಲ್ಲ. ಬರ್ಕೊಳ್ಳಿ."

"ನೀವು ಹೇಳಿದ್ರೆ ಆಗಲ್ಲಮ್ಮ. ಆವತ್ತು ಅಲ್ಲಿ ಇದ್ದವರು ಹೇಳ್ಬೇಕು."

ಗುಮಾಸ್ತನ ಪೆನ್ನು ನನ್ನ ಕಡೆ ತಿರುಗಿತು. ಅವಳೂ ತಿರುಗಿದಳು. ಆ ಕಣ್ಣಲ್ಲಿ ಕ್ಷಮೆ ಹುಡುಕಿದೆ. ಕಾಣಲಿಲ್ಲ. ಕಾಯುತ್ತಿದ್ದಾಳೆ.

ಕೂಗಿದರು. ಎದ್ದೇಳಬೇಕು. ಕರ್ತನೇ, ಈ ಬಾಯಿ ಒಂದು ಸಲ —